ಉಪಕಾರಿ ಸೂಕ್ಷ್ಮಜೀವಿಗಳು: ಮೇಕೆಯ ಹೊಟ್ಟೆಯಿಂದ ಕಬ್ಬಿನ ಕಾಂಡದವರೆಗೆ



‘ಉಪಕಾರಿ ಸೂಕ್ಷ್ಮಜೀವಿ’ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಗೊಬ್ಬರದಂಗಡಿಯ ಪೊಟ್ಟಣದ ಮೇಲೆ, ಪಶು ಆಹಾರದ ಚೀಲದ ಮೇಲೆ, ಸಂಶೋಧನಾ ಯೋಜನೆಗಳ ಶೀರ್ಷಿಕೆಗಳಲ್ಲಿ ಅದು ಕಾಣುತ್ತದೆ. ಯಾರಿಗೆ ಉಪಕಾರಿ, ಯಾವ ಮೇವಿನೊಡನೆ, ಯಾವ ಮಣ್ಣಿನಲ್ಲಿ, ಎಷ್ಟು ಕಾಲ ಎಂಬ ಪ್ರಶ್ನೆಗಳು ಮಾತ್ರ ಅಷ್ಟಾಗಿ ಕೇಳಿಸುವುದಿಲ್ಲ. ಈ ಉಪನ್ಯಾಸದಲ್ಲಿ ನಾನು ವಾದಿಸಲು ಹೊರಟಿರುವುದು ಒಂದೇ ವಿಷಯ. ಸೂಕ್ಷ್ಮಜೀವಿಯ ಉಪಕಾರ ಹುಟ್ಟುವುದು ಪ್ರಾಣಿ, ಗಿಡ, ನೆಲ, ಸಾಕುವವರ ರೂಢಿ ಇವೆಲ್ಲ ಕೂಡಿದ ಕಡೆ. ಜೀವಿಯೊಂದನ್ನೇ ಅಲ್ಲಿಂದ ಎತ್ತಿ ಬಾಟಲಿಗೆ ತುಂಬಿದರೆ ಉಪಕಾರವೂ ಅದರ ಹಿಂದೆಯೇ ಬರುತ್ತದೆಂಬ ಭರವಸೆಯಿಲ್ಲ. ಕೃಷಿ ಸಂಶೋಧನೆ ಈ ಮಾತನ್ನು ಒಪ್ಪಿಕೊಂಡರೆ ಅದರ ಪ್ರಯೋಗಗಳ ರೀತಿ, ಸಂಗ್ರಹದ ರೀತಿ, ಕಾನೂನಿನ ರೀತಿ ಎಲ್ಲವೂ ಬದಲಾಗಬೇಕಾಗುತ್ತದೆ.

ಉಷ್ಣವಲಯದ ಒಂದು ಗಿಡ, ಸಾಕುಪ್ರಾಣಿಗಳ ಹೊಟ್ಟೆಯ ಒಂದು ಬ್ಯಾಕ್ಟೀರಿಯಾ ಸೇರಿ ನಡೆದ ಕಥೆಯನ್ನು ಇದಕ್ಕೆ ಆಧಾರವಾಗಿ ವಿವರವಾಗಿಯೇ ಹೇಳುತ್ತೇನೆ. ಗಿಡ ನಮಗೆಲ್ಲ ಪರಿಚಿತವಾದ ಸುಬಾಬುಲ್. ಅದರ ಮೂಲ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಸ್ಪ್ಯಾನಿಷ್ ಹಡಗುಗಳ ಮೂಲಕ ಫಿಲಿಪೀನ್ಸ್‌ಗೆ ಬಂದು, ಅಲ್ಲಿಂದ ಏಷ್ಯಾ ಮತ್ತು ಪೆಸಿಫಿಕ್ ದ್ವೀಪಗಳಿಗೆಲ್ಲ ಹರಡಿತು. ಕಳೆದ ಶತಮಾನದ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ನಮ್ಮ ದೇಶದಲ್ಲೂ ಬದುಗಳ ಮೇಲೆ, ಪಾಳುಭೂಮಿಯಲ್ಲಿ ಇದನ್ನು ನೆಡಲು ದೊಡ್ಡ ಪ್ರಚಾರ ನಡೆಯಿತು. ಕಾರಣ ಸ್ಪಷ್ಟ. ಬರಗಾಲದಲ್ಲೂ ಹಸಿರಾಗಿರುತ್ತದೆ, ಕಡಿದಷ್ಟೂ ಚಿಗುರುತ್ತದೆ, ಬೇರುಗಂಟುಗಳಲ್ಲಿ ಸಾರಜನಕ ಹಿಡಿಯುತ್ತದೆ, ಎಲೆಯ ಒಣತೂಕದಲ್ಲಿ ಐದನೇ ಒಂದು ಭಾಗಕ್ಕೂ ಮಿಗಿಲಾಗಿ ಪ್ರೋಟೀನ್ ಇರುತ್ತದೆ. ಹಿಂಡಿ ಕೊಳ್ಳಲಾಗದ ಬಡ ಸಾಕಣೆದಾರನ ಪಾಲಿಗೆ ಇದಕ್ಕಿಂತ ಒಳ್ಳೆಯ ಮೇವಿನ ಮರ ಸಿಗುವುದು ಕಷ್ಟ.

ಆದರೆ ಈ ಎಲೆಯಲ್ಲಿ ಮಿಮೋಸಿನ್ ಎಂಬ ವಿಷವಿದೆ. ಅದೊಂದು ಅಮೈನೊ ಆಮ್ಲ. ಪ್ರೋಟೀನಿನ ಭಾಗವಾಗಿ ಅಲ್ಲದೆ ಬಿಡಿಯಾಗಿಯೇ ಎಲೆಯಲ್ಲಿರುತ್ತದೆ, ಎಳೆ ಚಿಗುರಿನಲ್ಲಿ ಹೆಚ್ಚು. ಕುದುರೆ, ಹಂದಿ, ಮೊಲಗಳು ಇದನ್ನು ಹೆಚ್ಚಾಗಿ ತಿಂದರೆ ಕೂದಲು ಉದುರುತ್ತದೆ. ಮೆಲುಕು ಹಾಕುವ ದನ, ಕುರಿ, ಮೇಕೆಗಳಲ್ಲಿ ನಡೆಯುವುದು ಬೇರೆ. ಅವುಗಳ ಮೆಲುಕುಚೀಲದಲ್ಲಿ, ಅಂದರೆ ರೂಮೆನ್‌ನಲ್ಲಿ, ಮಿಮೋಸಿನ್ ಒಡೆದು ಡಿಎಚ್‌ಪಿ ಎಂದು ಸಂಕ್ಷಿಪ್ತವಾಗಿ ಕರೆಯುವ ಇನ್ನೊಂದು ವಸ್ತುವಾಗುತ್ತದೆ. ಮೊದಲ ವಿಷದಿಂದ ಪಾರಾದ ಪ್ರಾಣಿ ಎರಡನೆಯದರ ಕೈಗೆ ಸಿಗುತ್ತದೆ. ಡಿಎಚ್‌ಪಿ ಥೈರಾಯಿಡ್ ಗ್ರಂಥಿಯ ಕೆಲಸ ಕೆಡಿಸುತ್ತದೆ. ಗಂಟಲು ಊದಿ ಗಳಗಂಡವಾಗುತ್ತದೆ, ಬಾಯಿಂದ ಜೊಲ್ಲು ಸುರಿಯುತ್ತದೆ, ಮೇವು ಸೇರುವುದಿಲ್ಲ, ತೂಕ ಇಳಿಯುತ್ತದೆ. ಡಿಎಚ್‌ಪಿಯೇ ಗಳಗಂಡಕ್ಕೆ ಕಾರಣ ಎಂಬುದನ್ನು 1970ರ ದಶಕದಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಗುರುತಿಸಿದರು. ಸುಬಾಬುಲ್ ಸೊಪ್ಪು ಒಟ್ಟು ಮೇವಿನ ಮೂರನೇ ಒಂದು ಭಾಗವನ್ನು ಮೀರಬಾರದು ಎಂದು ಕೊಡುವ ಸಲಹೆಯ ಹಿಂದೆ ಇರುವುದು ಈ ವಿಷವೇ.

ಇಲ್ಲಿ ಒಂದು ಒಗಟು ಎದುರಾಯಿತು. ಉತ್ತರ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸುಬಾಬುಲ್ ತಿಂದ ದನಗಳು ಸೊರಗುತ್ತಿದ್ದವು. ಹವಾಯಿ ದ್ವೀಪಗಳಲ್ಲಿ, ಇಂಡೋನೇಷ್ಯಾದಲ್ಲಿ ಅದೇ ಎಲೆಯನ್ನು ಅದಕ್ಕಿಂತ ಹೆಚ್ಚು ತಿಂದ ಪ್ರಾಣಿಗಳು ಚೆನ್ನಾಗಿಯೇ ಇದ್ದವು. ಗಿಡ ಒಂದೇ, ವಿಷ ಒಂದೇ. ಆಸ್ಟ್ರೇಲಿಯಾದ ರಾಷ್ಟ್ರೀಯ ವಿಜ್ಞಾನ ಸಂಸ್ಥೆಯಾದ ಸಿಎಸ್‌ಐಆರ್‌ಒದಲ್ಲಿ ಹುಲ್ಲುಗಾವಲುಗಳ ಅಧ್ಯಯನ ನಡೆಸುತ್ತಿದ್ದ ರೇಮಂಡ್ ಜೋನ್ಸ್ ಈ ವ್ಯತ್ಯಾಸವನ್ನು ಗಂಭೀರವಾಗಿ ತೆಗೆದುಕೊಂಡರು. 1981ರಲ್ಲಿ ಪ್ರಕಟವಾದ ಅವರ ಬರಹದಲ್ಲಿ ಒಂದು ಊಹೆಯಿತ್ತು. ಹವಾಯಿಯ ಪ್ರಾಣಿಗಳು ವಿಷದಿಂದ ಪಾರಾಗಲು ಅವುಗಳ ಮೆಲುಕುಚೀಲದಲ್ಲಿ ನಡೆಯುವ ಯಾವುದೋ ಕ್ರಿಯೆ ಕಾರಣವಿರಬಹುದೆ? ಮುಂದೆ ಹವಾಯಿಯ ಮೇಕೆಗಳನ್ನೂ ಆಸ್ಟ್ರೇಲಿಯಾದ ಮೇಕೆಗಳನ್ನೂ ಹೋಲಿಸಿ ನೋಡಿದಾಗ ಊಹೆಗೆ ಬಲ ಬಂತು. ಆಸ್ಟ್ರೇಲಿಯಾದ ಮೇಕೆಗಳ ಮೂತ್ರದಲ್ಲಿ ಡಿಎಚ್‌ಪಿ ಧಾರಾಳವಾಗಿ ಹೊರಬೀಳುತ್ತಿತ್ತು. ಹವಾಯಿಯ ಮೇಕೆಗಳಲ್ಲಿ ಅದು ಹೊಟ್ಟೆಯೊಳಗೇ ಒಡೆದು ಮುಗಿದಿರುತ್ತಿತ್ತು.

ನಂತರ ನಡೆದದ್ದು ಪಶು ಪೋಷಣೆಯ ಇತಿಹಾಸದಲ್ಲೇ ಅಪರೂಪದ ಪ್ರಯೋಗ. ಇಂಡೋನೇಷ್ಯಾದ ಮೇಕೆಯ ಮೆಲುಕುಚೀಲದ ರಸವನ್ನು ಆಸ್ಟ್ರೇಲಿಯಾದ ಮೇಕೆಗಳಿಗೆ ಹಾಕಿದಾಗ ಅವೂ ಡಿಎಚ್‌ಪಿಯನ್ನು ಒಡೆಯತೊಡಗಿದವು ಎಂದು 1984ರಲ್ಲಿ ವರದಿಯಾಯಿತು. ಹವಾಯಿಯ ಮೇಕೆಗಳಿಂದ ಪಡೆದ ಬ್ಯಾಕ್ಟೀರಿಯಾಗಳನ್ನು ಆಸ್ಟ್ರೇಲಿಯಾದ ಜಾನುವಾರುಗಳಿಗೆ ಯಶಸ್ವಿಯಾಗಿ ದಾಟಿಸಿದ ವಿವರ 1986ರಲ್ಲಿ ಪ್ರಕಟವಾಯಿತು. ಮೊದಲು ವಿಷಕ್ಕೆ ತುತ್ತಾಗುತ್ತಿದ್ದ ಪ್ರಾಣಿಗಳು ಈಗ ಅದೇ ಎಲೆ ತಿಂದು ತೂಕ ಹೆಚ್ಚಿಸಿಕೊಂಡವು. ಈ ರಸವನ್ನು ಮದ್ದಾಗಿ ಪಡೆದ ದನಗಳ ಜೊತೆ ಒಂದೇ ಗೋಮಾಳದಲ್ಲಿ ಮೇಯುತ್ತಿದ್ದ ಇತರ ದನಗಳಿಗೂ ಈ ಶಕ್ತಿ ತಾನಾಗಿಯೇ ಹರಡಿತು. ಹಿಂಡಿನ ಪ್ರತಿ ದನಕ್ಕೂ ಮದ್ದು ಕುಡಿಸಬೇಕಾಗಲಿಲ್ಲ.

ಆ ರಸದಲ್ಲಿದ್ದ ಮುಖ್ಯ ಜೀವಿ ಯಾವುದೆಂದು ಹುಡುಕುವ ಕೆಲಸ ಅಮೆರಿಕದ ಅಯೋವಾದಲ್ಲಿದ್ದ ಮಿಲ್ಟನ್ ಆಲಿಸನ್ ಮತ್ತು ಅವರ ಸಂಗಡಿಗರದಾಯಿತು. ಮೆಲುಕುಚೀಲದ ಜೀವಿಗಳಿಗೆ ಆಮ್ಲಜನಕ ವಿಷ. ಅವನ್ನು ಗಾಳಿ ಸೋಕದಂತೆ ಬೆಳೆಸುವ ವಿಧಾನವನ್ನು ಇಪ್ಪತ್ತನೇ ಶತಮಾನದ ನಡುವೆ ರಾಬರ್ಟ್ ಹಂಗೇಟ್ ರೂಪಿಸಿಕೊಟ್ಟಿದ್ದರಿಂದಲೇ ಇಂಥ ಹುಡುಕಾಟ ಸಾಧ್ಯವಾಯಿತು. ಸಿಕ್ಕ ಬ್ಯಾಕ್ಟೀರಿಯಾ ವಿಚಿತ್ರ ಸ್ವಭಾವದ್ದು. ಸಕ್ಕರೆ, ನಾರು, ಪಿಷ್ಟ ಯಾವುದನ್ನೂ ಅದು ಹುಳಿಯಿಸುವುದಿಲ್ಲ. ಕೆಲವು ಅಮೈನೊ ಆಮ್ಲಗಳನ್ನೂ ಡಿಎಚ್‌ಪಿಯಂಥ ವಸ್ತುಗಳನ್ನೂ ಬಳಸಿ ಬದುಕುತ್ತದೆ. 1992ರಲ್ಲಿ ಅದಕ್ಕೆ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಹೆಸರಿಟ್ಟರು. ಎರಡನೆಯ ಪದ ಜೋನ್ಸ್ ಅವರ ಗೌರವಾರ್ಥ. ಮುಂದೆ ಇದರ ಬಂಧುಗಳು ಬೇರೆ ಬೇರೆ ನೆಲೆಗಳಲ್ಲಿ ಸಿಕ್ಕಿ, ಬ್ಯಾಕ್ಟೀರಿಯಾಗಳ ಒಂದು ಇಡೀ ಮಹಾವರ್ಗಕ್ಕೇ ಈ ಕುಲದ ಹೆಸರು ಸಂದಿತು. ಮೇಕೆಯ ಹೊಟ್ಟೆಯಲ್ಲಿ ಅಡಗಿದ್ದ ಈ ಜೀವಿಯನ್ನು ವರ್ಗೀಕರಣದ ಹಳೆಯ ಚೌಕಟ್ಟುಗಳಲ್ಲಿ ಎಲ್ಲಿಯೂ ಕೂರಿಸಲು ಆಗುತ್ತಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಪಠ್ಯಪುಸ್ತಕಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಒಗಟು, ಊಹೆ, ಪ್ರಯೋಗ, ಗೆಲುವು. ನನಗೆ ಇದರ ಮುಂದಿನ ಭಾಗವೇ ಹೆಚ್ಚು ಮುಖ್ಯವೆನಿಸುತ್ತದೆ.

ಕ್ವೀನ್ಸ್‌ಲ್ಯಾಂಡ್ ಸರ್ಕಾರದ ಪ್ರಯೋಗಾಲಯದಲ್ಲಿ ಈ ಮೆಲುಕುಚೀಲದ ರಸವನ್ನು ಹುದುಗುಪಾತ್ರೆಯಲ್ಲಿ ಬೆಳೆಸಿ ಸಾಕಣೆದಾರರಿಗೆ ಮಾರುವ ವ್ಯವಸ್ಥೆ ಬಂತು. ಅಲ್ಲಿ ಬೆಳೆಸುವುದು ಸಿನರ್ಜಿಸ್ಟಿಸ್ ಒಂದನ್ನೇ ಅಲ್ಲ, ಹಲವು ಜೀವಿಗಳ ಮಿಶ್ರಣವನ್ನು. ಹೀಗೆ ಮದ್ದು ಪಡೆದ ಹಿಂಡುಗಳನ್ನು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ, ಸಾಕಷ್ಟು ಹಿಂಡುಗಳಲ್ಲಿ ದನಗಳು ಮೇಲ್ನೋಟಕ್ಕೆ ಆರೋಗ್ಯವಾಗಿದ್ದರೂ ಮೂತ್ರದಲ್ಲಿ ಡಿಎಚ್‌ಪಿ ಮತ್ತೆ ಕಾಣಿಸಿತು. ಬ್ಯಾಕ್ಟೀರಿಯಾ ಕಳೆದುಹೋಯಿತೆ, ಅಥವಾ ಅದರ ಕೆಲಸ ಕುಂದಿತೆ ಎಂಬ ಪ್ರಶ್ನೆ ಎದ್ದಿತು. ಡಿಎನ್‌ಎ ಆಧಾರಿತ ವಿಧಾನಗಳು ಬಂದ ಮೇಲೆ ಇನ್ನೊಂದು ಅಚ್ಚರಿ ಎದುರಾಯಿತು. ಸುಬಾಬುಲ್ ಎಂದೂ ತಿನ್ನದ ಹಿಂಡುಗಳ ಹೊಟ್ಟೆಯಲ್ಲೂ, ಹಲವು ದೇಶಗಳಲ್ಲಿ, ಸಿನರ್ಜಿಸ್ಟಿಸ್ ತೀರ ಕಡಿಮೆ ಸಂಖ್ಯೆಯಲ್ಲಿ, ಚಿಕ್ಕಪುಟ್ಟ ತಳಿಭೇದಗಳೊಡನೆ ಕಂಡುಬಂತು. ಹಾಗಾದರೆ ಹವಾಯಿಯಿಂದ ತಂದದ್ದು ಇಲ್ಲದ ಜೀವಿಯನ್ನೊ, ಇದ್ದ ಜೀವಿಯ ಹೆಚ್ಚು ಚುರುಕಾದ ತಳಿಯನ್ನೊ? ಇತ್ತೀಚಿನ ಕೆಲವು ಅಧ್ಯಯನಗಳು ಇನ್ನೂ ಮುಂದೆ ಹೋಗುತ್ತವೆ. ವಿಷವನ್ನು ಸಹಿಸಲು ಒಗ್ಗಿದ ದನಗಳಲ್ಲಿ ಯಕೃತ್ತು ಡಿಎಚ್‌ಪಿಯನ್ನು ಬೇರೆ ವಸ್ತುವಿಗೆ ಬೆಸೆದು ನಿರಪಾಯ ಮಾಡುವ ಕ್ರಿಯೆಗೆ ದೊಡ್ಡ ಪಾಲಿದೆ ಎಂದು ಅವು ವಾದಿಸುತ್ತವೆ. ಈ ಚರ್ಚೆ ಮುಗಿದಿಲ್ಲ.

ಇದು ಜೋನ್ಸ್ ಅವರ ಸಾಧನೆಯನ್ನು ಕಿರಿದುಗೊಳಿಸುವುದಿಲ್ಲ. ಅವರ ಪ್ರಯೋಗದಲ್ಲಿ ದನಗಳು ಚೇತರಿಸಿಕೊಂಡದ್ದು ನಿಜ, ಆ ನಂತರ ಉತ್ತರ ಆಸ್ಟ್ರೇಲಿಯಾದಲ್ಲಿ ಸುಬಾಬುಲ್ ಹುಲ್ಲುಗಾವಲುಗಳು ವಿಸ್ತರಿಸಿದ್ದೂ ನಿಜ. ಆದರೆ ಈ ಮುಂದುವರಿಕೆ ನಮಗೆ ಹೇಳುವುದಿದೆ. ವಿಷವನ್ನು ಗೆದ್ದದ್ದು ಒಂದು ಜೀವಿಯೇ ಎಂದು ನಾವು ಬೇಗ ತೀರ್ಮಾನಿಸಿದೆವು. ಗಿಡ ಎಷ್ಟು ಕಾಲದಿಂದ ಅಲ್ಲಿದೆ, ಪ್ರಾಣಿ ಎಷ್ಟು ತಲೆಮಾರಿನಿಂದ ಅದನ್ನು ಮೇಯುತ್ತಿದೆ, ಬೇಸಗೆಯಲ್ಲಿ ಆ ಸೊಪ್ಪು ತಪ್ಪಿದಾಗ ಹೊಟ್ಟೆಯ ಜೀವಿಗೆ ಏನಾಗುತ್ತದೆ, ಯಕೃತ್ತಿಗೆ ಒಗ್ಗಿಕೊಳ್ಳಲು ಎಷ್ಟು ವಾರ ಬೇಕು ಎಂಬುದನ್ನೆಲ್ಲ ಬದಿಗಿಟ್ಟೆವು. ಸುಬಾಬುಲ್ ಇಲ್ಲದ ತಿಂಗಳುಗಳಲ್ಲಿ ಡಿಎಚ್‌ಪಿ ತಿನ್ನುವ ಬ್ಯಾಕ್ಟೀರಿಯಾಕ್ಕೆ ಅದರ ಆಹಾರವೇ ಇರುವುದಿಲ್ಲ. ಮೇವು ಕೊಡುವವನ ರೂಢಿಯೇ ಅದರ ಅಳಿವು ಉಳಿವನ್ನು ನಿರ್ಧರಿಸುತ್ತದೆ.

ಸಾಕುಪ್ರಾಣಿಗಳ ಲೋಕದಿಂದ ಇನ್ನೊಂದು ಉದಾಹರಣೆ ಹೇಳಬೇಕು; ಅದು ಉಷ್ಣವಲಯದ್ದಲ್ಲ, ಫಿನ್ಲೆಂಡಿನದು. 1971ರಲ್ಲಿ ಅಲ್ಲಿನ ಮಾಂಸದ ಕೋಳಿಗಳಲ್ಲಿ ಸಾಲ್ಮೊನೆಲ್ಲಾ ರೋಗಾಣು ದೊಡ್ಡ ಪ್ರಮಾಣದಲ್ಲಿ ಹರಡಿತು. ಎಸ್ಕೊ ನುರ್ಮಿ ಎಂಬ ಪಶುವೈದ್ಯ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿ ಕೇಳಿದ ಪ್ರಶ್ನೆ ಸರಳವಾಗಿತ್ತು. ಯಂತ್ರದಲ್ಲಿ ಮರಿ ಮಾಡಿದ ಕೋಳಿಮರಿ ತಾಯಿಯನ್ನೇ ಕಂಡಿರುವುದಿಲ್ಲ. ತಾಯಿಯ ಹಿಕ್ಕೆಯಿಂದ ಸಿಗಬೇಕಾದ ಕರುಳಿನ ಜೀವಿಗಳು ಅದಕ್ಕೆ ಸಿಕ್ಕಿರುವುದಿಲ್ಲ. ಆ ಖಾಲಿ ಕರುಳಿಗೆ ಮೊದಲು ನುಗ್ಗಿದ ರೋಗಾಣುವೇ ಅಲ್ಲಿ ನೆಲೆಯೂರುತ್ತದೆ. ದೊಡ್ಡ ಕೋಳಿಯ ಕರುಳಿನ ಜೀವಿಗಳನ್ನು ಒಂದು ದಿನದ ಮರಿಗೆ ಕೊಟ್ಟರೆ? ಕೊಟ್ಟರು, ಮರಿಗಳು ಸಾಲ್ಮೊನೆಲ್ಲಾವನ್ನು ಬಹುಮಟ್ಟಿಗೆ ತಡೆದವು. 1973ರಲ್ಲಿ ಪ್ರಕಟವಾದ ಆ ಕೆಲಸದ ನಂತರ ಹಲವು ಪ್ರಯೋಗಾಲಯಗಳು, ಆ ಗುಂಪಿನಲ್ಲಿ ರಕ್ಷಣೆ ಕೊಡುವ ಜೀವಿ ಯಾವುದು ಎಂದು ಒಂದೊಂದನ್ನೇ ಬಿಡಿಸಿ ನೋಡಿದವು. ಬಿಡಿಬಿಡಿಯಾಗಿ ಕೊಟ್ಟ ಜೀವಿಗಳಿಗಿಂತ, ಹೆಸರೇ ಗೊತ್ತಿಲ್ಲದ ಹಲವು ಜೀವಿಗಳ ಇಡೀ ಗುಂಪೇ ಸಾಮಾನ್ಯವಾಗಿ ಹೆಚ್ಚು ರಕ್ಷಣೆ ಕೊಟ್ಟಿತು.

ಇದರಿಂದ ಒಂದು ನಿಜವಾದ ಇಕ್ಕಟ್ಟು ಹುಟ್ಟುತ್ತದೆ. ವಿಜ್ಞಾನಕ್ಕೂ ಕಾನೂನಿಗೂ ಹೆಸರು ಬೇಕು. ಇದರಲ್ಲಿ ಇಂಥ ಜೀವಿ ಇಷ್ಟಿದೆ, ರೋಗಾಣು ಇಲ್ಲ ಎಂದು ಖಾತ್ರಿಯಾಗಬೇಕು. ಗೊತ್ತಿಲ್ಲದ ಮಿಶ್ರಣ ಒಳ್ಳೆಯದನ್ನು ಮಾಡುವಂತೆಯೇ ರೋಗವನ್ನೂ ಹೊತ್ತು ತರಬಹುದು. ಆದರೆ ಹೆಸರಿರುವ ಒಂದೇ ಜೀವಿ ಗುಂಪಿನ ಕೆಲಸವನ್ನು ಮಾಡುವುದಿಲ್ಲ. ನಮ್ಮ ಅಡುಗೆಮನೆಯ ಹೆಪ್ಪು ಇಂಥ ಮಿಶ್ರಣ. ಅದರಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಇದೆ ಎಂದು ಯಾರೂ ಎಣಿಸುವುದಿಲ್ಲ, ಆದರೂ ಮೊಸರು ಹಾಳಾಗಿದೆಯೇ ಇಲ್ಲವೇ ಎಂದು ಮೂಗು, ನಾಲಿಗೆ ದಿನಾ ಪರೀಕ್ಷಿಸುತ್ತವೆ. ಹೊಲಕ್ಕೆ ಸುರಿಯುವ ಮಿಶ್ರಣಕ್ಕೆ ಅಂಥ ದಿನನಿತ್ಯದ ಪರೀಕ್ಷಕರಿಲ್ಲ.

ಜೀವಾಮೃತದ ಬಗೆಗಿನ ನನ್ನ ಅಭಿಪ್ರಾಯವನ್ನೂ ಇಲ್ಲೇ ಹೇಳುವುದು ಸೂಕ್ತ. ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿ ಪದ್ಧತಿಯಲ್ಲಿ ನಾಟಿ ಹಸುವಿನ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ಮತ್ತು ಒಂದು ಹಿಡಿ ಮಣ್ಣನ್ನು ನೀರಿನಲ್ಲಿ ಕಲಸಿ ಹುದುಗಿಸುತ್ತಾರೆ. ಕರ್ನಾಟಕದ ಸಾವಿರಾರು ರೈತರು ಇದನ್ನು ಶ್ರದ್ಧೆಯಿಂದ ಬಳಸುತ್ತಿದ್ದಾರೆ. ವಿಶ್ವವಿದ್ಯಾಲಯಗಳ ಕೆಲವರು ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುತ್ತಾರೆ, ಚಳವಳಿಯ ಕೆಲವರು ಪರೀಕ್ಷೆಯೇ ಬೇಡವೆನ್ನುತ್ತಾರೆ. ಎರಡೂ ಸರಿಯಲ್ಲ. ಹಸುವಿನ ಕರುಳಿನ ಜೀವಿಗಳು ಬಹುಪಾಲು ಆಮ್ಲಜನಕವಿಲ್ಲದ ಬಿಸಿ ನೆಲೆಗೆ ಒಗ್ಗಿದವು. ಮಣ್ಣಿನಲ್ಲಿ ಅವು ಹೆಚ್ಚು ದಿನ ಬಾಳುವುದು ಕಷ್ಟ. ಹುದುಗುವ ದಿನಗಳಲ್ಲಿ ಬೆಲ್ಲ, ಹಿಟ್ಟು ತಿಂದು ಮೇಲೆದ್ದು ಬರುವ ಜೀವಿಗಳಲ್ಲಿ ಆ ಹಿಡಿ ಮಣ್ಣಿನವೂ ಸಾಕಷ್ಟಿರಬಹುದು. ಹಾಗಿದ್ದರೆ ಯಾವ ಮಣ್ಣು ಎನ್ನುವುದು ಯಾವ ಹಸು ಎನ್ನುವಷ್ಟೇ ದೊಡ್ಡ ಪ್ರಶ್ನೆ. ಇದನ್ನು ಪರೀಕ್ಷಿಸಲು ದುಬಾರಿ ಯಂತ್ರ ಬೇಡ. ಒಂದೇ ಹೊಲದಲ್ಲಿ ಒಂದು ಭಾಗಕ್ಕೆ ಜೀವಾಮೃತ, ಇನ್ನೊಂದಕ್ಕೆ ಅದನ್ನೇ ಕುದಿಸಿ ಜೀವಿಗಳನ್ನು ಕೊಂದು ಆರಿಸಿದ ದ್ರವ, ಮೂರನೆಯದಕ್ಕೆ ಬರೀ ನೀರು. ಕುದಿಸಿದ್ದೂ ಹಸಿಯದೂ ಒಂದೇ ಫಲ ಕೊಟ್ಟರೆ ಕೆಲಸ ಮಾಡಿದ್ದು ಬೆಲ್ಲದ, ಸಗಣಿಯ ಪೋಷಕಾಂಶ; ಹಸಿಯದು ಗೆದ್ದರೆ ಜೀವಿಗಳು. ಇಂಥ ಮೂರು ಪಟ್ಟಿಯ ಪ್ರಯೋಗ ಪ್ರತಿ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಹಲವು ಋತುಗಳಲ್ಲಿ ನಡೆಯಬೇಕು ಎಂಬುದು ನನ್ನ ಒತ್ತಾಯ.

ಗಿಡಗಳ ಕಡೆಗೆ ಬರೋಣ. ಉಷ್ಣವಲಯದ ಬೆಳೆಗಳ ಸೂಕ್ಷ್ಮಜೀವಿಗಳ ಬಗ್ಗೆ ಮಾತಾಡುವಾಗ ಜೊಹಾನಾ ಡೊಬೆರೈನರ್ ಅವರನ್ನು ನೆನೆಯದಿರಲು ಸಾಧ್ಯವಿಲ್ಲ. ಈಗಿನ ಚೆಕ್ ಗಣರಾಜ್ಯದಲ್ಲಿ 1924ರಲ್ಲಿ ಹುಟ್ಟಿ, ಯುದ್ಧದ ನಂತರ ಬ್ರೆಜಿಲ್‌ಗೆ ವಲಸೆ ಹೋದ ಈ ಮಹಿಳೆ ರಿಯೊ ಸಮೀಪದ ಸೆರೊಪೆಡಿಕಾದ ಪ್ರಯೋಗಾಲಯದಲ್ಲಿ ತಮ್ಮ ಜೀವಮಾನವನ್ನು ಕಳೆದರು, 2000ದಲ್ಲಿ ತೀರಿಕೊಂಡರು. ರಾಸಾಯನಿಕ ಗೊಬ್ಬರವೇ ಪ್ರಗತಿಯೆಂದು ನಂಬಿದ್ದ ಕಾಲದಲ್ಲಿ, ಬ್ರೆಜಿಲ್‌ನ ಸೋಯಾ ತಳಿಗಳನ್ನು ಸಾರಜನಕ ಗೊಬ್ಬರ ಹಾಕದೆ ಬೇರುಗಂಟಿನ ಬ್ಯಾಕ್ಟೀರಿಯಾದ ನೆರವಿನಿಂದಲೇ ಬೆಳೆಸಿ ಆರಿಸಬೇಕೆಂದು ಅವರು ಹಟ ಹಿಡಿದರು. ಇಂದು ಬ್ರೆಜಿಲ್‌ನ ಸೋಯಾ ಬಹುಪಾಲು ಸಾರಜನಕ ಗೊಬ್ಬರವಿಲ್ಲದೆ ಬೆಳೆಯುತ್ತದೆ. ಆ ದೇಶ ಉಳಿಸಿದ ಹಣದ ಲೆಕ್ಕಕ್ಕಿಂತ ನನಗೆ ಹಿರಿದೆನಿಸುವುದು ಅವರ ಆಯ್ಕೆಯ ಕ್ರಮ. ಗಿಡವನ್ನೂ ಬ್ಯಾಕ್ಟೀರಿಯಾವನ್ನೂ ಬೇರೆ ಬೇರೆಯಾಗಿ ಸುಧಾರಿಸಿ ಕೊನೆಗೆ ಕೂಡಿಸಲಿಲ್ಲ. ಮೊದಲಿನಿಂದಲೂ ಜೋಡಿಯಾಗಿಯೇ ಆರಿಸಿದರು.

1988ರಲ್ಲಿ ಅವರೂ ಸಹೋದ್ಯೋಗಿಯೂ ಬ್ರೆಜಿಲ್‌ನ ಕಬ್ಬಿನ ಬೇರು ಮತ್ತು ಕಾಂಡದೊಳಗೆ ಸಾರಜನಕ ಹಿಡಿಯುವ ಹೊಸ ಬ್ಯಾಕ್ಟೀರಿಯಾ ಕಂಡರು. ಈಗ ಅದರ ಹೆಸರು ಗ್ಲುಕಾನಸಿಟೊಬ್ಯಾಕ್ಟರ್ ಡಯಜೊಟ್ರೊಫಿಕಸ್. ನಮ್ಮ ಕಬ್ಬು ಬೆಳೆಗಾರರಿಗೆ ಅಸಿಟೊಬ್ಯಾಕ್ಟರ್ ಎಂದೇ ಪರಿಚಿತ. ನೂರಕ್ಕೆ ಹತ್ತು ಪಾಲು ಸಕ್ಕರೆಯ ದ್ರವದಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ, ಹುಳಿಯನ್ನು ಸಹಿಸುತ್ತದೆ. ಕಬ್ಬಿನ ರಸದೊಳಗೆ ಬಾಳಲು ಹೇಳಿ ಮಾಡಿಸಿದ ಜೀವಿ. ಮಣ್ಣಿನಲ್ಲಿ ಬಿಡಿಯಾಗಿ ಅದು ಸುಲಭಕ್ಕೆ ಸಿಗುವುದಿಲ್ಲ. ಕಬ್ಬಿನ ಬಿತ್ತನೆ ತುಂಡುಗಳ ಮೂಲಕ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಕಬ್ಬಿನ ರಸ ಹೀರುವ ಹಿಟ್ಟುತಿಗಣೆಯ ದೇಹದಲ್ಲೂ ಅದನ್ನು ಕಂಡಿದ್ದಾರೆ. ಕಬ್ಬಿಗೆ ಪೀಡೆಯೆನಿಸಿದ ಕೀಟವೇ ಕಬ್ಬಿನ ಗೆಳೆಯನಿಗೂ ಆಸರೆ ಕೊಡುತ್ತದೆ ಎಂಬುದು ಉಪಕಾರಿ, ಅಪಕಾರಿ ಎಂಬ ನಮ್ಮ ವಿಂಗಡಣೆ ಎಷ್ಟು ಅವಸರದ್ದೆಂದು ತೋರಿಸುತ್ತದೆ.

ಈ ಜೀವಿ ಹೊಲದಲ್ಲಿ ಕಬ್ಬಿಗೆ ನಿಜಕ್ಕೂ ಎಷ್ಟು ಸಾರಜನಕ ಕೊಡುತ್ತದೆ? ಇದಕ್ಕೆ ನಡೆದ ಒಂದು ಸೊಗಸಾದ ಪರೀಕ್ಷೆಯನ್ನು ಹೇಳುತ್ತೇನೆ. ಸಾರಜನಕ ಹಿಡಿಯುವ ವಂಶವಾಹಿಯನ್ನು ಕೆಡಿಸಿದ ತಳಿಯೊಂದನ್ನು ತಯಾರಿಸಿ, ಅದನ್ನೂ ಮೂಲ ತಳಿಯನ್ನೂ ರೋಗಾಣುಮುಕ್ತ ಕಬ್ಬಿನ ಸಸಿಗಳಿಗೆ ಬೇರೆ ಬೇರೆಯಾಗಿ ಕೊಟ್ಟರು. ಸಾರಜನಕದ ಕೊರತೆಯಿದ್ದಾಗ ಮೂಲ ತಳಿ ಪಡೆದ ಸಸಿಗಳು ಚೆನ್ನಾಗಿ ಬೆಳೆದವು. ಸಾರಜನಕ ಧಾರಾಳವಾಗಿದ್ದಾಗ ಎರಡೂ ತಳಿಗಳು ಬೆಳವಣಿಗೆಗೆ ನೆರವಾದವು. ಅಂದರೆ ಬ್ಯಾಕ್ಟೀರಿಯಾ ಕೊಡುವುದು ಸಾರಜನಕವೊಂದನ್ನೇ ಅಲ್ಲ. ಅದು ಸ್ರವಿಸುವ ಬೆಳವಣಿಗೆಯ ಹಾರ್ಮೋನಿನಂಥ ವಸ್ತುಗಳಿಗೂ ಪಾಲಿರಬೇಕು. ಇನ್ನೊಂದೆಡೆ ಮೆಕ್ಸಿಕೋದ ಅಧ್ಯಯನಗಳು, ಸಾರಜನಕ ಗೊಬ್ಬರ ಅತಿಯಾಗಿ ಹಾಕಿದ ಕಬ್ಬಿನಲ್ಲಿ ಈ ಬ್ಯಾಕ್ಟೀರಿಯಾದ ಸಂಖ್ಯೆ ಕುಸಿಯುತ್ತದೆ ಎಂದು ತೋರಿಸಿದವು. ಮಂಡ್ಯದಲ್ಲೊ ಬೆಳಗಾವಿಯಲ್ಲೊ ಒಬ್ಬ ರೈತ ಅಸಿಟೊಬ್ಯಾಕ್ಟರ್‌ನಲ್ಲಿ ಬಿತ್ತನೆ ತುಂಡು ಅದ್ದಿ ನೆಟ್ಟು, ಆಮೇಲೆ ಎಂದಿನಂತೆ ಚೀಲಗಟ್ಟಲೆ ಯೂರಿಯಾ ಸುರಿದರೆ, ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ. ಪೊಟ್ಟಣ ಮಾರುವವರು ಇದನ್ನು ಅವನಿಗೆ ಹೇಳಬೇಕಾಗಿತ್ತು. ನಾವು, ಸಲಹೆ ಕೊಡುವ ಸ್ಥಾನದಲ್ಲಿರುವವರು, ಅದಕ್ಕಿಂತ ಮೊದಲೇ ಹೇಳಬೇಕಾಗಿತ್ತು.

ಪೊಟ್ಟಣದ ಗುಣಮಟ್ಟದ ಬಗ್ಗೆ ಎರಡು ಮಾತು. ನಮ್ಮ ದೇಶದಲ್ಲಿ 2006ರಿಂದ ಜೈವಿಕ ಗೊಬ್ಬರಗಳು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ. ರೈಜೋಬಿಯಂ, ಅಜೋಸ್ಪಿರಿಲಂನಂಥವುಗಳ ಪುಡಿಯಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವರೂಪದಲ್ಲಿ ಮಿಲಿಲೀಟರಿಗೆ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕು. ಇದು ಒಳ್ಳೆಯ ಕ್ರಮ, ಬೇಕಾದ ಕ್ರಮ. ಆದರೆ ಅದು ಅಳೆಯುವುದು ಸಂಖ್ಯೆಯನ್ನು. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಛಾವಣಿಯ ಗೋದಾಮಿನಲ್ಲಿ ಕಳೆದ ಎರಡು ತಿಂಗಳ ನಂತರ ಆ ಸಂಖ್ಯೆ ಎಷ್ಟು ಉಳಿದಿರುತ್ತದೆ, ಉಳಿದದ್ದು ಈ ಜಿಲ್ಲೆಯ ಕಪ್ಪು ಮಣ್ಣಿಗೂ ಆ ಜಿಲ್ಲೆಯ ಕೆಂಪು ಮಣ್ಣಿಗೂ ಒಂದೇ ರೀತಿ ಒಗ್ಗುತ್ತದೆಯೆ ಎಂಬುದನ್ನು ಯಾವ ಆದೇಶವೂ ಅಳೆಯಲಾರದು. ಅದು ಸ್ಥಳೀಯ ಪ್ರಯೋಗದ ಕೆಲಸ. ಕಾಳುಮೆಣಸಿನ ಸೊರಗು ರೋಗಕ್ಕೆ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಬಳಸುವ ಮಲೆನಾಡಿನ ಬೆಳೆಗಾರರು ಅದನ್ನು ಬೇವಿನ ಹಿಂಡಿ ಮತ್ತು ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ನೆರಳಿನಲ್ಲಿ ತೇವವಿಟ್ಟು ವೃದ್ಧಿಯಾಗಲು ಬಿಟ್ಟು ಆಮೇಲೆ ಬುಡಕ್ಕೆ ಹಾಕುತ್ತಾರೆ. ಪೊಟ್ಟಣದ ಜೀವಿಗೆ ಹೊಸ ಜಾಗದಲ್ಲಿ ಮನೆ ಕಟ್ಟಿಕೊಡುವ ಈ ರೂಢಿ ತಾಂತ್ರಿಕವಾಗಿ ತುಂಬ ಸರಿಯಾದದ್ದು. ಸಂಶೋಧಕರ ಶಿಫಾರಸೂ ಅದೇ.

ಯಾರ ಜೀವಿ, ಯಾರ ಲಾಭ ಎಂಬ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಮೆಕ್ಸಿಕೋದ ವಹಾಕಾ ರಾಜ್ಯದ ಸಿಯೆರಾ ಮಿಹೆ ಬೆಟ್ಟಗಳಲ್ಲಿ ಅಲ್ಲಿನ ಮೂಲನಿವಾಸಿಗಳು ಬೆಳೆಯುವ ಎತ್ತರದ ಮೆಕ್ಕೆಜೋಳವೊಂದಿದೆ. ಅದರ ಕಾಂಡದ ಮೇಲ್ಭಾಗದಿಂದ ಗಾಳಿಬೇರುಗಳು ಇಳಿಯುತ್ತವೆ, ಅವುಗಳಿಂದ ಸಿಹಿಯಾದ ಲೋಳೆ ಸುರಿಯುತ್ತದೆ. ಆ ಲೋಳೆಯಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತವೆ; ಗಿಡದ ಸಾರಜನಕದಲ್ಲಿ ನೂರಕ್ಕೆ 29ರಿಂದ 82ರಷ್ಟು ಪಾಲು ಹೀಗೆ ಗಾಳಿಯಿಂದ ಬಂದದ್ದೆಂದು 2018ರ ವರದಿ ಅಂದಾಜಿಸಿತು. ಆ ಊರಿನವರು ಪೀಳಿಗೆಗಳಿಂದ ಕಾಳು ಆರಿಸಿ ಉಳಿಸಿದ್ದರಿಂದ ಮಾತ್ರ ಆ ಜೀವಿಗಳ ನೆಲೆ ಉಳಿದಿತ್ತು. ಸಂಶೋಧಕರು ಸಮುದಾಯದೊಡನೆ ಲಾಭ ಹಂಚಿಕೆಯ ಒಪ್ಪಂದ ಮಾಡಿಕೊಂಡರು. ಅದು ಸಾಲದೆಂದು ಟೀಕಿಸಿದವರೂ ಇದ್ದಾರೆ. ನಮ್ಮ 2002ರ ಜೀವವೈವಿಧ್ಯ ಕಾಯ್ದೆ ಜೈವಿಕ ಸಂಪನ್ಮೂಲದ ವ್ಯಾಖ್ಯೆಯಲ್ಲಿ ಗಿಡ, ಪ್ರಾಣಿಗಳೊಡನೆ ಸೂಕ್ಷ್ಮಜೀವಿಗಳನ್ನೂ ಸೇರಿಸಿದೆ. ಗಿಡವೊಂದನ್ನು ಹೊರದೇಶಕ್ಕೆ ಕದ್ದೊಯ್ದರೆ ಕಣ್ಣಿಗೆ ಬೀಳಬಹುದು; ಒಂದು ಹನಿ ಮೆಲುಕುಚೀಲದ ರಸ ಹೋದರೆ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ದಾಖಲೆಯೇ ಇಲ್ಲಿ ಮೊದಲ ರಕ್ಷಣೆ.

ಕರ್ನಾಟಕದ ಮಟ್ಟಿಗೆ ಇದು ತೀರ ಹತ್ತಿರದ ವಿಷಯ. ಬೆಂಗಳೂರಿನಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಇದೆ. ಮೆಲುಕುಚೀಲದ ಜೀವಿಗಳ ಅಧ್ಯಯನಕ್ಕೆ ಬೇಕಾದ ಪರಿಣತಿ ಅಲ್ಲಿದೆ. ಬೇರಿನೊಡನೆ ಬಾಳುವ ಮೈಕೊರೈಜಾ ಶಿಲೀಂಧ್ರಗಳು ಮತ್ತು ಬೇರುಗಂಟಿನ ಜೀವಿಗಳ ಬಗ್ಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ದಶಕಗಳ ಕೆಲಸ ನಡೆದಿದೆ. ಜಗತ್ತಿನ ಸಂಶೋಧಕರು ಕೂಡಿ ನಡೆಸಿದ ಯೋಜನೆಯೊಂದರಲ್ಲಿ, ಪ್ರಯೋಗಾಲಯದಲ್ಲಿ ಬೆಳೆಸಬಲ್ಲ ಮೆಲುಕುಚೀಲದ ಜೀವಿಗಳ ಸುಮಾರು 500 ವಂಶವಾಹಿ ನಕ್ಷೆಗಳು 2018ರ ಹೊತ್ತಿಗೆ ಸೇರಿದ್ದವು. ಹೊಟ್ಟೆಯೊಳಗಿನ ವೈವಿಧ್ಯಕ್ಕೆ ಹೋಲಿಸಿದರೆ ಅದು ಆರಂಭ ಮಾತ್ರ. ಕಾಡಂಚಿನ ಸೊಪ್ಪುಸದೆ ಮೇಯುವ ಮಲೆನಾಡು ಗಿಡ್ಡ ತಳಿಯ ಹಸುವಿನ ಹೊಟ್ಟೆಯಲ್ಲಿ, ಬಯಲುಸೀಮೆಯ ಜಾಲಿಕಾಯಿ ತಿಂದು ಬದುಕುವ ಮೇಕೆಯ ಹೊಟ್ಟೆಯಲ್ಲಿ, ಟ್ಯಾನಿನ್ ಮತ್ತು ಆಕ್ಸಲೇಟ್‌ಗಳನ್ನು ಅರಗಿಸುವ ಯಾವ ಗುಂಪುಗಳಿವೆ ಎಂದು ಹುಡುಕುವುದು ನಮ್ಮದೇ ಕೆಲಸ. ಆಸ್ಟ್ರೇಲಿಯಾದಲ್ಲಿ ಅಕೇಸಿಯಾ ಸೊಪ್ಪು ಮೇಯುವ ಕಾಡುಬಿದ್ದ ಮೇಕೆಗಳಿಂದ ಟ್ಯಾನಿನ್ ಸಹಿಸುವ ಬ್ಯಾಕ್ಟೀರಿಯಾವನ್ನು 1990ರ ದಶಕದಲ್ಲೇ ಬೇರ್ಪಡಿಸಿದ್ದರು. ನಮ್ಮ ಭತ್ತದ ಹುಲ್ಲಿನಲ್ಲೂ ನೇಪಿಯರ್ ಹುಲ್ಲಿನಲ್ಲೂ ಆಕ್ಸಲೇಟ್ ಇದೆ. ಅದು ಸುಣ್ಣದಂಶವನ್ನು ಹಿಡಿದಿಟ್ಟು ಹಸುವಿಗೆ ದಕ್ಕದಂತೆ ಮಾಡುತ್ತದೆ. ಆಕ್ಸಲೇಟನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾವನ್ನು ಕುರಿಯ ಮೆಲುಕುಚೀಲದಿಂದ ಬೇರ್ಪಡಿಸಿ ಹೆಸರಿಸಿದವರೂ ಆಲಿಸನ್ ಅವರ ಗುಂಪಿನವರೇ.

ತಳಿ ಸಂರಕ್ಷಣೆಯ ಬಗೆಗಿನ ನಮ್ಮ ಕಲ್ಪನೆಯೂ ಇಲ್ಲಿ ವಿಸ್ತರಿಸಬೇಕು. ನಾವು ಹೋರಿಯ ವೀರ್ಯವನ್ನು ದ್ರವ ಸಾರಜನಕದಲ್ಲಿ ಕಾಪಿಡುತ್ತೇವೆ, ತಳಿಯ ತಲೆಯೆಣಿಕೆ ಮಾಡುತ್ತೇವೆ. ಆದರೆ ಗಿಡ್ಡ ಹಸು ಕಾಡಿಗೆ ಹೋಗುವುದು ನಿಂತು, ಚೀಲದ ಆಹಾರ ತಿಂದು ಕೊಟ್ಟಿಗೆಯಲ್ಲೇ ಬೆಳೆದರೆ, ರಕ್ತ ಅದೇ ಇದ್ದರೂ ಹೊಟ್ಟೆಯ ಬಳಗ ಬೇರೆಯಾಗುತ್ತದೆ. ಅಮೃತಮಹಲ್ ದನಗಳು ಮೇಯುವ ಕಾವಲುಗಳು ಕರಗಿದಷ್ಟೂ ಅಲ್ಲಿನ ಹುಲ್ಲುಗಳ ಬೇರಿನ ಸುತ್ತಲಿನ ಜೀವಿಗಳೂ ಕರಗುತ್ತವೆ. ಅವುಗಳ ಸಂರಕ್ಷಣೆಯೆಂದರೆ ಮೇಯುವ ಜಾಗದ ಸಂರಕ್ಷಣೆ.

ಹಾಗಾಗಿ ಕೆಲಸದ ಒಂದು ಕ್ರಮವನ್ನು ಸೂಚಿಸಿ ಮಾತು ಮುಗಿಸುತ್ತೇನೆ. ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಊರಿನ ತಳಿಗಳನ್ನು ಬರೆಯುವಾಗ, ಆ ದನ ಮೇಕೆಗಳು ಯಾವ ತಿಂಗಳಲ್ಲಿ ಯಾವ ಸೊಪ್ಪು, ಯಾವ ಕಾಯಿ ಮೇಯುತ್ತವೆ, ಬೇರೆ ಊರಿನ ದನ ತಿಂದರೆ ಕೆಡುವ ಯಾವ ಗಿಡವನ್ನು ನಮ್ಮವು ತಿಂದು ಅರಗಿಸುತ್ತವೆ ಎಂಬುದನ್ನು ಕಾಯುವವರನ್ನು ಕೇಳಿ ಬರೆಯಲಿ. ಜೋನ್ಸ್ ಅವರ ಕೆಲಸ ಆರಂಭವಾದದ್ದು ಇಂಥದೇ ಒಂದು ವ್ಯತ್ಯಾಸವನ್ನು ಗಮನಿಸಿದ್ದರಿಂದ. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಪಶುವೈದ್ಯ ಕಾಲೇಜುಗಳ ವಿದ್ಯಾರ್ಥಿಗಳು ಮಾಲೀಕರ ಒಪ್ಪಿಗೆ ಪಡೆದು ಮೆಲುಕುಚೀಲದ ರಸದ ಮಾದರಿ ಸಂಗ್ರಹಿಸಲಿ. ಬೇಸಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ. ಮಾದರಿಯ ಜೊತೆ ಊರಿನ ಹೆಸರು, ತಳಿ, ಮೇವು, ಕಾಯುವವರು ಹೇಳಿದ ಮಾತು ಇವೂ ದಾಖಲಾಗಲಿ, ಮುಂದೆ ಅದರಿಂದ ಏನಾದರೂ ಉತ್ಪನ್ನ ಬಂದರೆ ಆ ದಾಖಲೆಯೇ ಪಾಲು ಕೇಳುವ ಪತ್ರವಾಗಲಿ. ಒಂದು ಜಿಲ್ಲೆಯ ಮೇಕೆಯ ರಸವನ್ನು ಇನ್ನೊಂದು ಜಿಲ್ಲೆಯ ಮೇಕೆಗೆ ಕೊಡುವ ಮೊದಲು ರೋಗಾಣು ಪರೀಕ್ಷೆ ನಡೆಯಲಿ, ಕೊಟ್ಟ ಮೇಲೆ ಮೂರು ವರ್ಷವಾದರೂ ಅದೇ ಹಿಂಡನ್ನು ಮತ್ತೆ ಮತ್ತೆ ನೋಡಲಿ. ಮೊದಲ ವರ್ಷದ ತೂಕ ಹೆಚ್ಚಳಕ್ಕಷ್ಟೇ ಹಣ ಕೊಟ್ಟು ಮೂರನೇ ವರ್ಷದ ಮೂತ್ರ ಪರೀಕ್ಷೆಗೆ ಕೊಡದ ಯೋಜನೆಯನ್ನು ಮಂಜೂರು ಮಾಡುವುದೇ ಬೇಡ.